ಕಾಲಿಲ್ಲದವಳ ಮಗ್ಗ

ಆ ಮುಂಜಾನೆ ಗುಳೇದಗುಡ್ಡದ ಮೇಲೆ ಮಂಜು ಇಳಿದಿತ್ತು. ಸುತ್ತಲಿನ ಗುಡ್ಡಗಳು ಕಂಬಳಿ ಹೊದ್ದ ಹಿರಿಯರಂತೆ ಏಳಲು ಒಲ್ಲೆವೆನ್ನುತ್ತಿದ್ದವು. ಇಂಥ ಮಂಜಿನಲ್ಲೇ ದೆವ್ವ ನೋಡಬೇಕೆಂದು ಪ್ರಭುವಿಗೆ ಯಾಕೆ ಅನ್ನಿಸಿತೋ, ಶಿವನೇ ಬಲ್ಲ.

ಊರು ಬಿಟ್ಟುಹೋದ ನೇಕಾರ ಹನಮಪ್ಪನ ಪಾಳುಮನೆಯಲ್ಲಿ ಕಾಲಿಲ್ಲದವಳೊಬ್ಬಳು ನೆಲದಿಂದ ಅರ್ಧ ಮೇಲೆದ್ದು ನೇಯುತ್ತಾಳೆ, ಕಂಡವರ ಕಾಲು ಕಿತ್ತುಕೊಳ್ಳುತ್ತಾಳೆ ಎಂಬ ಸುದ್ದಿ ವರ್ಷದಿಂದ ಓಣಿಯಲ್ಲಿತ್ತು. ಪ್ರಭು ಅದನ್ನು ಮನೆಯಲ್ಲೇ ಕೇಳಿ, ಉಪ್ಪುಖಾರ ಹಚ್ಚಿ, ಕಾಲೇಜಿನ ವಾಟ್ಸಾಪ್ ಗ್ರೂಪಿಗೆಲ್ಲ ಹಂಚಿದ್ದ.

"ನೋಡಾಕ ಹೋದ್ರ ಮದಲ ಓಡಾಂವ ನೀನಽ," ಎಂದ ಜೀವದ ಗೆಳೆಯ ಯುನೂಸ.

"ನಾ ಓಡತೇನಿ? ಬಾ ಲೇ, ನೋಡೇಬಿಡೂಣು!"

ಪ್ರಭುವಿನ ಆಯಿ, ಅಂದರೆ ತಂದೆಯ ತಾಯಿ ಚಂದ್ರವ್ವ, ದಿನದಂತೆ ನಸುಕಿನಲ್ಲೇ ಪೂಜೆಗೆ ಹೋಗಿದ್ದಳು. ಅವಳ ಬುಟ್ಟಿಯಿಂದ ಪ್ರಭು ಕೆಂಪು ರೇಷ್ಮೆಯ ಎಳೆಯೊಂದನ್ನು ಕದ್ದು ತಂದ. ಒಂದು ತುದಿ ತನ್ನ ಮುಂಗೈಗೆ, ಇನ್ನೊಂದು ಯುನೂಸನ ಮುಂಗೈಗೆ ಕಟ್ಟಿದ.

"ದಾರ ಹರದಾಂವ ದೋಸ್ತ ಅಲ್ಲ. ಆಣಿ?"

"ಆಣಿ."

ಪಾಳುಮನೆಯೊಳಗಿಂದ ಖಟಕ್, ಖಟಕ್ ಕೇಳಿಸಿತು. ಯುನೂಸ ಕಣ್ಣು ಬಿಗಿಯಾಗಿ ಮುಚ್ಚಿ ನಿಂತ. ಪ್ರಭು ಕಿಟಕಿಯ ಸಂದಿಗೆ ಕಣ್ಣು ಹಚ್ಚಿದ. ಮಬ್ಬಿನಲ್ಲಿ ಆ ಕಡೆ ತಿರುಗಿದ ನರೆತ ತಲೆ, ಬೆನ್ನು, ಸೊಂಟ. ಅದರ ಕೆಳಗೆ ಬರೇ ನೆಲ!

ಜೀವ ಗಂಟಲಿಗೆ ಬಂತು, ಬುದ್ಧಿ ಹಲ್ಲಿಗೆ ಬಂತು. ಕಚಕ್ಕನೆ ದಾರ ಕಡಿದು, ಬಾಲಕ್ಕೆ ಪಟಾಕಿ ಕಟ್ಟಿದ ಕರುವಿನಂತೆ ಓಡಿದ.

"ಅಪ್ಪಾ! ಯುನೂಸನ್ನ ದೆವ್ವ ಹಿಡಕೊಂಡತಿ!"

ಪವರಲೂಮ್ ನಿಲ್ಲಿಸಿ ತಂದೆ ಶಿವಸಂಗಪ್ಪ ಹೊರಬಂದ. ಅವನಿಗಿಂತ ಮೊದಲು ಪಕ್ಕದ ಮನೆಯ ಇಂದ್ರಾಬಾಯಿ ಬಂದಿದ್ದಳು. "ಮತ್ತ ನೀ ಹೆಂಗ ಪಾರಾದೆಪಾ?"

ಇಲ್ಲಿ ಖರೆ ಹೇಳಬಹುದಿತ್ತು. ಆದರೆ ಓಣಿಯೇ ನೆರೆದಿತ್ತು.

"ನಾ ಅವನ್ನ ಬಿಡಲಿಲ್ರಿ ಕಾಕು! ದಾರಾ ಜಗ್ಗೇ ಜಗ್ಗಿದೆ. ಆಕೀನಽ ಕಡದ್ಲು. ಇಷ್ಟಿಷ್ಟುದ್ದ ಹಲ್ಲ!" ಎಂದು ಮುಂಗೈಯ ತುಂಡು ದಾರ ತೋರಿಸಿದ.

"ದೋಸ್ತ ಅಂದ್ರ ಇಂವ ನೋಡ್ರಿ," ಎಂದು ಇಂದ್ರಾಬಾಯಿ ದೃಷ್ಟಿ ತೆಗೆದು ಲಟಿಕೆ ಮುರಿದಳು.

ಕಸಬರಿಗೆ, ಲಿಂಬೆಹಣ್ಣು, ವಿಭೂತಿ ಹಿಡಿದು ಓಣಿ ಹೊರಟಿತು. ಬಾಗಿಲು ದೂಡಿದರೆ ಯುನೂಸ ನೆಲದಲ್ಲಿ ಕೂತು ಶೇಂಗಾ ಉಂಡಿ ತಿನ್ನುತ್ತಿದ್ದ. ಪಕ್ಕದ ಅರ್ಧದೇಹ ತಲೆ ಎತ್ತಿತು.

"ಯವ್ವಾ!" ಶಿವಸಂಗಪ್ಪನ ಕೈಯಿಂದ ಕಸಬರಿಗೆ ಜಾರಿತು.

ಚಂದ್ರವ್ವ ಕುಣಿಮಗ್ಗದಲ್ಲಿ ಕೂತಿದ್ದಳು. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ತುಳಿಯುವ ಮಗ್ಗ ಅದು. ಪವರಲೂಮಿನ ಸದ್ದಿನಲ್ಲೇ ತೊಟ್ಟಿಲು ತೂಗಿಸಿಕೊಂಡ ಪ್ರಭು ಅದನ್ನು ಕಂಡಿರಲೇ ಇಲ್ಲ.

"ಮಣಕಾಲಿಗಿ ಮಗ್ಗ ಬ್ಯಾಡ ಅಂತ ಡಾಕ್ಟರ ಹೇಳ್ಯಾರ. ಪೂಜಿಗಿ ಹೊಕ್ಕೇನಿ ಅಂತಿದ್ದೆಲ್ಲಬೇ?" ಎಂದ ಶಿವಸಂಗಪ್ಪ.

"ಇದಽ ನನ್ನ ಪೂಜಿ," ಎಂದಳು ಆಯಿ ಶಾಂತವಾಗಿ. "ಯಾರೂ ಇತ್ಲಾಗ ಬರಬಾರದಂತ ದೆವ್ವದ ಕತಿ ನಾನಽ ಕಟ್ಟಿದೆ. ಪ್ರಭುನ ಕಿವ್ಯಾಗ ಅಷ್ಟ ಹೇಳಿದ್ದೆ. ಊರಿಗೆಲ್ಲಾ ಅಂವ ಸಾರಿದ."

ಇಂದ್ರಾಬಾಯಿ ಬಿಡಲಿಲ್ಲ. "ಹಂಗಾರ ದಾರಾ ಕಡದಾವರೂ ನೀವಽ ಏನ್ರಿ? ಇಷ್ಟುದ್ದ ಹಲ್ಲಿದ್ದುವಂತ!"

ಆಯಿ ಬಾಯಿ ತೆರೆದು ತೋರಿಸಿದಳು. ಒಂದೂ ಹಲ್ಲಿರಲಿಲ್ಲ.

ಎಲ್ಲರೂ ಪ್ರಭುವಿನ ಬಾಯಿ ನೋಡಿದರು. ಅವನು ಅದನ್ನು ಗಟ್ಟಿಯಾಗಿ ಮುಚ್ಚಿಕೊಂಡ. ಓಣಿ ಗೊಳ್ಳೆಂದು ನಕ್ಕಿತು.

ಯುನೂಸ ಮಾತ್ರ ನಗಲಿಲ್ಲ. "ನಾ ಕಣ್ಣ ಮುಚಗೊಂಡು ದಾರಾ ಹಿಡದು ನಿಂತಿದ್ನಿ. ಆ ತುದಿಗಿ ನೀ ಅದಿ ಅನಕೊಂಡು."

ನಗು ನಿಂತಿತು. ಯುನೂಸ ಉಂಡಿ ಕೆಳಗಿಟ್ಟ, ಕೈ ಒರೆಸಿಕೊಂಡ. ಮುಂಗೈಯ ಗಂಟು ಬಿಚ್ಚಿ, ಉದ್ದನೆಯ ಕೆಂಪು ಎಳೆಯನ್ನು ನೀಟಾಗಿ ಸುತ್ತಿ, ಪ್ರಭುವಿನ ಅಂಗೈಯಲ್ಲಿಟ್ಟ.