ಸ್ಟೀರಿಂಗ್ ಸೆನ್ಸರಿಗೆ ಸುತ್ತಿಕೊಂಡ ಮಾರ್ತೆನಿತ್ಸಾ ದಾರ

ಇಂದ,
ನೆದ್ಯಾಲ್ಕಾ ತ್ಸಾಂಕೋವಾ, ನಿವೃತ್ತ ರಸಾಯನಶಾಸ್ತ್ರ ಶಿಕ್ಷಕಿ (ಮುಂದೆ ‘ಅರ್ಜಿದಾರಳು’),
ದೋಲ್ನೋ ಬ್ರೆಸ್ತೋವೋ ಗ್ರಾಮ.

ಗೆ,
ಮುಖ್ಯಸ್ಥರು, ವಾಹನ ತಪಾಸಣಾ ಕೇಂದ್ರ,
ಪ್ಲೊವ್‌ದಿವ್ ರಸ್ತೆ.

ವಿಷಯ: ಗುರುವಾರ ಬೆಳಿಗ್ಗೆ ಎಂಟಕ್ಕೆ, ಸರದಿಗೆ ಮುಂಚೆ, ಅರ್ಜಿದಾರಳ ನೀಲಿ ಕಾರಿನ ಮರುತಪಾಸಣೆ ಕೋರಿ.

ಉಲ್ಲೇಖ: ಮಾರ್ಚ್ 16ರ ತಮ್ಮ ನಿರಾಕರಣ ಪತ್ರ (‘ಸ್ಟೀರಿಂಗ್ ಚಿಹ್ನೆಯ ಹಳದಿ ದೀಪ ಆರುತ್ತಿಲ್ಲ’).

ಮಾನ್ಯರೇ,

ಅರಿಕೆ ಏನೆಂದರೆ:

1. ಅರ್ಜಿದಾರಳ ಪಕ್ಕದ ಮನೆಯ ಗಿನ್ಕಾ ಎಂಬವರಿಗೆ ಎಂಬತ್ತೊಂದು ವರ್ಷ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಗುರುವಾರ ಹನ್ನೊಂದಕ್ಕೆ ಪ್ಲೊವ್‌ದಿವ್‌ನಲ್ಲಿ ಬಲಗಣ್ಣಿನ ಆಪರೇಶನ್. ಈ ದಿನ ತಪ್ಪಿದರೆ ಮತ್ತೆ ಸಿಗುವುದು ಅಕ್ಟೋಬರಿಗೆ. ಊರಿಗೆ ಬಸ್ಸು ನಿಂತು ಎರಡು ವರ್ಷವಾಯಿತು. ಆದ್ದರಿಂದ ಕಾರು.

2. ಮಾರ್ಚ್ ಒಂದರಂದು ಎಲ್ಲರಂತೆ ಗಿನ್ಕಾ ವಸಂತದ ಶುಭಕ್ಕೆಂದು ಕೆಂಪು-ಬಿಳಿ ಮಾರ್ತೆನಿತ್ಸಾ ದಾರ ಕಟ್ಟಿದರು: ಅರ್ಜಿದಾರಳ ಕೈಗೆ, ಮೇಕೆಯ ಕೊರಳಿಗೆ, ಚೆರ್ರಿ ಮರಕ್ಕೆ. ದಾರ ಮಿಕ್ಕಿತು. ಆದಕಾರಣ, ಕಾರಿನ ಸ್ಟೀರಿಂಗಿಗೂ ಕಟ್ಟಿದರು. ವರ್ಷದ ಮೊದಲ ಕೊಕ್ಕರೆ ಕಾಣುವವರೆಗೆ ಬಿಚ್ಚುವಂತಿಲ್ಲವೆಂದು ತಮಗೆ ಗೊತ್ತೇ ಇದೆ. ತಮ್ಮ ತಪಾಸಕರ ಮಣಿಕಟ್ಟಿನಲ್ಲೂ ಒಂದಿತ್ತು.

3. ಹತ್ತನೇ ತಾರೀಖಿನಿಂದ ಕಾರು ನೇರ ರಸ್ತೆಯಲ್ಲಿ ಹೋಗುತ್ತಲೇ ತಾನು ಎಡಕ್ಕೆ ತಿರುಗುತ್ತಿದ್ದೇನೆಂದು ನಂಬಿ, ತಾನಾಗಿ ಬ್ರೇಕು ಹಾಕಿಕೊಳ್ಳತೊಡಗಿತು. ತಪಾಸಣೆಯಲ್ಲಿ ನಪಾಸಾಯಿತು. ಕೆಂಪು ಮೊಹರು ಒತ್ತುವ ಮುನ್ನ ತಪಾಸಕರು ತಮ್ಮ ಕುರ್ಚಿಯನ್ನೇ ಗಿನ್ಕಾಗೆ ಬಿಟ್ಟುಕೊಟ್ಟದ್ದನ್ನೂ ದಾಖಲಿಸಲಾಗಿದೆ.

4. ಮೆಕ್ಯಾನಿಕ್ ವ್ಲಾಯ್ಕೋ (ಅರ್ಜಿದಾರಳ ಹಳೆಯ ವಿದ್ಯಾರ್ಥಿ, ರಸಾಯನಶಾಸ್ತ್ರದಲ್ಲಿ ಎರಡು ಸಲ ನಪಾಸು) ಫ್ಯೂಸ್ ನೋಡಿದ, ಬ್ಯಾಟರಿ ನೋಡಿದ, ಕಂಪ್ಯೂಟರ್ ಸಿಕ್ಕಿಸಿದ.

“ಟೀಚರೇ, ಚಕ್ರ ನೆಟ್ಟಗೇ ಇದೆ. ಸೆನ್ಸರ್ ಮಾತ್ರ ಮೂವತ್ತೇಳು ಡಿಗ್ರಿ ಎಡಕ್ಕೆ ಅಂತ ಹಟ ಹಿಡಿದಿದೆ.”

ಸ್ಟೀರಿಂಗ್ ಬಿಚ್ಚಿದರೆ, ದಾರದ ತುದಿ ಸಂದಿಯಲ್ಲಿ ನುಸುಳಿ ಸೆನ್ಸರಿನ ಬಿಲ್ಲೆಗೆ ಸುತ್ತಿಕೊಂಡಿತ್ತು. ಅವನು ಕತ್ತರಿ ಎತ್ತಿದ.

5. “ಮುಟ್ಟೀಯಾ, ಜೋಕೆ! ಕಟ್ಟಿದೋಳು ನಾನು. ಕೊಕ್ಕರೆ ನೋಡ್ಬೇಕಾದೋಳೂ ನಾನೇ” ಎಂದರು ಗಿನ್ಕಾ.

“ಗಿನ್ಕಜ್ಜೀ, ಆಪರೇಶನ್ ಆಗ್ದೆ ನಿಂಗೆ ಕೊಕ್ಕರೆ ಕಾಣಲ್ಲ. ಕಾರಿಲ್ದೆ ಆಪರೇಶನ್ ಇಲ್ಲ. ದಾರ ತೆಗೀದೆ ಕಾರಿಲ್ಲ” ಎಂದ ವ್ಲಾಯ್ಕೋ.

“ಹಂಗಾದ್ರೆ ಕಾಯೋಣ.”

ಆದಕಾರಣ, ಕಾಯಲಾಯಿತು.

6. ಭಾನುವಾರ ಗ್ಯಾರೇಜಿನ ಛಾವಣಿಯ ಮೇಲೆ ದೊಡ್ಡದೊಂದು ಬಿಳಿ ಆಕೃತಿ ಒಂಟಿಕಾಲಲ್ಲಿ ನಿಂತು, ಕೊಕ್ಕರೆ ಕೊಕ್ಕು ಬಡಿದಂತೆ ಕಟಕಟ ಸದ್ದು ಮಾಡಿತು. ಅದು ಹೊದಿಕೆ ಹೊದ್ದು ಎರಡು ಮರದ ಸೌಟು ಬಡಿಯುತ್ತಿದ್ದ ವ್ಲಾಯ್ಕೋ ಎಂದು ಈ ಮೂಲಕ ಒಪ್ಪಿಕೊಳ್ಳಲಾಗಿದೆ. ಹೊದಿಕೆ, ಸೌಟು ಅರ್ಜಿದಾರಳವು. ಗಿನ್ಕಾ ಬಹಳ ಹೊತ್ತು ತಲೆ ಎತ್ತಿ ನೋಡಿದರು.

“ಲೋ ವ್ಲಾಯ್ಕೋ, ಕೊಕ್ಕರೆ ಸಿಗರೇಟು ಸೇದಿ ಕೆಮ್ಮಲ್ಲ ಕಣೋ. ಇಳಿ ಕೆಳಗೆ, ಸೊಂಟ ಮುರ್ಕೋತೀಯ!”

ನಗು ತಡೆಯಲಾರದೆ ಅರ್ಜಿದಾರಳು ಬಕೆಟ್ ಬೋರಲು ಹಾಕಿ ಕೂರಬೇಕಾಯಿತು. ವ್ಲಾಯ್ಕೋ ಏಣಿಯ ಮೇಲೇ ನಗುತ್ತಾ ನಿಂತ.

7. ನಕ್ಕು ಸುಸ್ತಾದ ಮೇಲೆ ಗಿನ್ಕಾ ಮೆಲ್ಲಗೆ ಹೇಳಿದರು: “ದಾರದ್ದೇನಲ್ಲ ಕಣೇ ನೆದ್ಯಾಲ್ಕಾ. ಕಣ್ಣಿಗೆ ಚಾಕು ಹಾಕ್ತಾರಲ್ಲ, ಅದು.”

“ಬಾಗಿಲ ಹೊರಗೇ ಕೂತಿರ್ತೀನಿ.”

“ಎಲ್ಲೂ ಎದ್ದು ಹೋಗಲ್ವೇನೇ? ಕಾಫಿಗೂ?”

“ಫ್ಲಾಸ್ಕಲ್ಲಿ ತರ್ತೀನಿ.”

ಆದ್ದರಿಂದ ಅನುಮತಿ ದೊರೆಯಿತು.

8. ಆದರೂ ವ್ಲಾಯ್ಕೋ ಕತ್ತರಿ ಮುಟ್ಟಲಿಲ್ಲ. ಚಿಮಟ ಹಿಡಿದು ಎರಡು ಗಂಟೆ ಎಳೆ ಎಳೆ ಬಿಡಿಸಿ, ದಾರವನ್ನು ಇಡಿಯಾಗಿ ತೆಗೆದು ಗಿನ್ಕಾರ ಕೈಗೆ ಕಟ್ಟಿದ. ಸೆನ್ಸರ್ ಒರೆಸಿ, ಕಂಪ್ಯೂಟರಿನಿಂದ ‘ನೇರ ಅಂದರೆ ಇದು’ ಎಂದು ಅದಕ್ಕೆ ಹೊಸದಾಗಿ ಕಲಿಸಿದ. ದೀಪ ಆರಿದೆ. ರಸಾಯನಶಾಸ್ತ್ರದಲ್ಲಿ ಅವನನ್ನು ಪಾಸು ಮಾಡಬಹುದಿತ್ತು ಎಂದು ಅರ್ಜಿದಾರಳಿಗೆ ಈಗ ಅನ್ನಿಸುತ್ತಿದೆ.

ಆದ್ದರಿಂದ ಗುರುವಾರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಸದರಿ ಕಾರನ್ನು ಎಲ್ಲರಿಗಿಂತ ಮೊದಲು ಪರೀಕ್ಷಿಸಿ, ಒಂಬತ್ತರೊಳಗೆ ಹಸಿರು ಮೊಹರು ಒತ್ತಿ ಕಳುಹಿಸಬೇಕೆಂದು ಪ್ರಾರ್ಥನೆ.

ತಮ್ಮ ತಪಾಸಕರ ಕುರ್ಚಿಯ ಉಪಕಾರ ಮರೆಯದ ವಿಶ್ವಾಸಿ,
ನೆದ್ಯಾಲ್ಕಾ ತ್ಸಾಂಕೋವಾ

ಲಗತ್ತುಗಳು:
ನಿರಾಕರಣ ಪತ್ರ.
ಆಸ್ಪತ್ರೆಯ ಚೀಟಿ.
ಚೆರ್ರಿ ಜಾಮ್, ಒಂದು ಸೀಸೆ (ಲಂಚವಲ್ಲ, ತಪಾಸಕರಿಗೆ).
ಮರದ ಸೌಟುಗಳನ್ನು ಲಗತ್ತಿಸಿಲ್ಲ, ಅಡುಗೆಗೆ ಬೇಕು.

ವಿ.ಸೂ.: ತಮ್ಮ ಕೇಂದ್ರದ ದೀಪದ ಕಂಬದ ಮೇಲೊಂದು ಕೊಕ್ಕರೆ ಗೂಡಿದೆ. ಗುರುವಾರದೊಳಗೆ ಕೊಕ್ಕರೆ ಬಂದಿದ್ದರೂ, ಹಿಂದಿನ ಸೀಟಿನಿಂದ ಗಿನ್ಕಾ ವಿಚಾರಿಸಿದಲ್ಲಿ, ಸಿಬ್ಬಂದಿಯೆಲ್ಲರೂ “ಇನ್ನೂ ಇಲ್ಲಜ್ಜಿ” ಎಂದೇ ಉತ್ತರಿಸತಕ್ಕದ್ದು. ಅವರ ಕಿವಿ ಚುರುಕು. ಹಕ್ಕಿ ಕೊಕ್ಕು ಬಡಿದರೆ ಕೂಡಲೇ ಯಾವುದಾದರೂ ಹಳೆಯ ಡೀಸೆಲ್ ಗಾಡಿ ಚಾಲೂ ಮಾಡತಕ್ಕದ್ದು. ಶುಕ್ರವಾರ ಕಣ್ಣಿನ ಪಟ್ಟಿ ಬಿಚ್ಚುತ್ತಾರೆ. ಅದೇ ದಾರಿಯಲ್ಲಿ ವಾಪಸು ಬರುವಾಗ, ಗಿನ್ಕಾ ಮೊದಲ ಕೊಕ್ಕರೆಯನ್ನು ತಮ್ಮ ಕಣ್ಣಿಂದಲೇ ನೋಡುವಂತೆ, ಕಂಬದ ಕೆಳಗೆ ಕಾರು ನಿಲ್ಲಿಸಲು ಹತ್ತು ನಿಮಿಷ ಜಾಗ ಕೊಡಬೇಕಾಗಿ ವಿನಂತಿ.