ಹಗಲಲ್ಲಿ ಬೀಳುವ ನಕ್ಷತ್ರಕ್ಕೆ ಕಿವಿ ಕೊಟ್ಟವರು

ಮೊದಲು ಒಂದು ಒಗಟು. ಹಾಡುಹಗಲಲ್ಲಿ ಬೀಳ್ತದೆ, ಜಡಿಮಳೆಯಲ್ಲೂ ಬೀಳ್ತದೆ, ಯಾರ ತಲೆಗೂ ತಾಗುವುದಿಲ್ಲ. ಬೀಳುವಾಗ ತಮಿಳು ಹಾಡಿನ ಅರ್ಧ ಸಾಲು ಕೇಳಿಸ್ತದೆ. ಎಂತ ಅದು?

ತಲೆ ಕೆರೆದುಕೊಳ್ಳಬೇಡಿ, ನಿಮಗೆ ಬರ್ಲಿಕ್ಕಿಲ್ಲ. ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಎರಡು ಸಲ ಡುಮ್ಕಿ ಹೊಡೆದ ನನಗೂ ಬರಲಿಲ್ಲ, ಶಾಲೆಗೇ ಫಸ್ಟ್ ಬಂದ ನನ್ನ ಅಕ್ಕನಿಗೂ ಬರಲಿಲ್ಲ. ಉತ್ತರ, ಉಲ್ಕೆ.

ಇದನ್ನು ನನಗೆ ಕಲಿಸಿದವರು ನಾನು ಕೆಲಸಕ್ಕಿರುವ ಅಂಗಡಿಯ ಕಾಕ. ಗಲ್ಫಿನಲ್ಲಿ ಹದಿನೆಂಟು ವರ್ಷ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡಿ ಬಂದವರು. ಈಗ ಬಂದರಿನ ಹತ್ತಿರ ಅಂಗಡಿ. ಬೆಂಗ್ರೆಯ ಬೋಟಿನವರ ವೈರ್‌ಲೆಸ್ ಸೆಟ್ಟು, ಗೋದಾಮಿನವರ ಸಿಸಿ ಕ್ಯಾಮೆರಾ, ಎಲ್ಲ ನಮ್ಮಲ್ಲಿಗೇ ಬರುವುದು. ಟೆರೇಸಿನಲ್ಲಿ ಕಾಕ ಒಂದು ಆಂಟೆನಾ ನಿಲ್ಲಿಸಿದ್ದಾರೆ. ಅದರ ವಯರು ಕೆಳಗೆ ಬಂದು ಒಂದು ಹಳೆಯ ಕಾರ್ ಸ್ಟೀರಿಯೋಗೆ ಸೇರ್ತದೆ.

"ಸಾಸಿವೆಯಷ್ಟು ಕಲ್ಲು ಮಾರಾಯ" ಎಂದು ಕಾಕ ಹೇಳಿದ್ದರು. "ನೂರು ಕಿಲೋಮೀಟರ್ ಮೇಲೆ ಉರಿದುಹೋಗ್ತದೆ. ಉರಿದಲ್ಲಿ ಒಂದು ಗೆರೆ ಉಳೀತದೆ, ಒಂದೆರಡು ಸೆಕೆಂಡ್. ರೇಡಿಯೋ ಅಲೆಗೆ ಅದು ಕನ್ನಡಿಯ ಹಾಗೆ. ನಮಗೆ ಯಾವತ್ತೂ ಸಿಗದ ದೂರದ ಸ್ಟೇಷನ್ ಅದಕ್ಕೆ ತಾಗಿ ಇಲ್ಲಿಗೆ ಇಳೀತದೆ. ಗೆರೆ ಅಳಿಸಿತು, ಹಾಡು ನಿಂತಿತು."

ಇಂಥ ಕೆಲಸಕ್ಕೆ ಕೂತವರ ಸುತ್ತ ವಾರಕ್ಕೊಂದು ತಮಾಷೆ ಆಗದೆ ಇರುವುದಿಲ್ಲ. ತಮಾಷೆಯಲ್ಲದ ಸಂಗತಿಯೂ ಒಂದಿತ್ತು. ಕಟ್ಟಡದ ಧಣಿಗಳಿಗೆ ಆ ಆಂಟೆನಾ ಕಂಡರೆ ಆಗುತ್ತಿರಲಿಲ್ಲ. ಅದು ಮೊಬೈಲ್ ಟವರ್, ಅದರಿಂದಾಗಿ ಎರಡನೇ ಮಹಡಿಯವರ ಕೂದಲು ಉದುರ್ತದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. "ತಿಂಗಳ ಕೊನೆಗೆ ಇಳಿಸಿ" ಎಂದು ಹೇಳಿಬಿಟ್ಟಿದ್ದರು. ಬೇರೆ ಟೆರೇಸ್ ಕಾಕನಿಗೆ ಇಲ್ಲ.

ಮೇಲಿನಿಂದ ಬರುವ ಕಳ್ಳ

ಟೆರೇಸಿನಲ್ಲಿ ಒಂದು ಸಿಸಿ ಕ್ಯಾಮೆರಾವೂ ಉಂಟು. ಅದರ ಮುಖ ನೇರ ಆಕಾಶಕ್ಕೆ. ಬೈಕಂಪಾಡಿಯ ಗೋದಾಮಿನವರೊಬ್ಬರು ಕ್ಯಾಮೆರಾ ನೋಡ್ಲಿಕ್ಕೆ ಬಂದಾಗ ಕಾಕ ಇದನ್ನೇ ತೋರಿಸಿದರು. ಅವರು ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿದರು. ಮೋಡ ಬಿಟ್ಟರೆ ಬೇರೆ ಎಂತದೂ ಇಲ್ಲ.

"ಇದೆಂತ ಕಾಕ, ಕಳ್ಳ ಮೇಲಿನಿಂದ ಬರ್ತಾನಾ?"

"ಬರ್ತಾನೆ. ದಿನಾ ಬರ್ತಾನೆ."

"ಹಿಡಿದಿದ್ದೀರಾ?"

"ಫೋಟೋ ಹಿಡಿದಿದ್ದೇನೆ. ಕೆಳಗೆ ಮುಟ್ಟುವ ಮೊದಲೇ ಸುಟ್ಟುಹೋಗ್ತಾನೆ."

ಅವರು ಮೆಲ್ಲ ನನ್ನ ಹತ್ತಿರ ಬಂದು ಕೇಳಿದರು: "ನನ್ನ ಗೋದಾಮಿಗೂ ಇದೇ ಮಾಡೆಲ್ ಸಾಕು. ಸುಡುವುದು ಫ್ರೀ ಅಲ್ವಾ?"

ಲಗೇಜ್ ಇರುವ ಉಲ್ಕೆ

ರಾತ್ರಿಯ ರೆಕಾರ್ಡಿಂಗನ್ನು ಬೆಳಿಗ್ಗೆ ಓಡಿಸಿ ನೋಡುವುದು ನನ್ನ ಕೆಲಸ. ಒಂದು ದಿನ ಇಡೀ ಸ್ಕ್ರೀನಿಗೆ ಅಡ್ಡಲಾಗಿ ದೊಡ್ಡ ಬೆಳಕಿನ ಗೆರೆ. ಪೇಪರಿನಲ್ಲಿ ಬರುವ ನನ್ನ ಫೋಟೋಗೆ ಯಾವ ಶರ್ಟು ಹಾಕಬೇಕು ಎಂದೂ ಯೋಚನೆ ಮಾಡಿಯಾಗಿತ್ತು. ಆಗಷ್ಟೇ ಒಳಗೆ ಬಂದ ಕಾಕನನ್ನು ಎಳೆದು ತಂದು ತೋರಿಸಿದೆ.

ಅವರು ಕನ್ನಡಕ ಹಾಕಿದರು, ನೋಡಿದರು, ಟೈಮ್ ನೋಡಿದರು.

"ಉಲ್ಕೆ ಆದರೆ ಒಂದು ಚಿಟಿಕೆಯಲ್ಲಿ ಮುಗೀಬೇಕು. ಇದು ಎಷ್ಟು ಹೊತ್ತು ಹೋಯಿತು?"

"ಒಂದು ನಿಮಿಷ. ಅದಕ್ಕೇ ದೊಡ್ಡದು ಅಂತ ಹೇಳಿದ್ದು."

"ಇದು ದುಬೈ ಫ್ಲೈಟ್. ನನ್ನ ಭಾವ ಇದ್ದರು ಅದರಲ್ಲಿ. ಉಲ್ಕೆಗೆ ಮೂವತ್ತು ಕಿಲೋ ಲಗೇಜ್ ಇರುವುದಿಲ್ಲ ಮಾರಾಯ."

ಎಲ್ಲರದ್ದೂ ಒಂದೇ ಹಾಡು

ಮರ್ಯಾದೆ ಹೋದ ಮೇಲೆ ಸೇಡು ಬೇಡವಾ? ಕಾರಿನಲ್ಲಿ ಫೋನಿನ ಹಾಡನ್ನು ರೇಡಿಯೋಗೆ ಕಳಿಸುವ ಸಣ್ಣ ಟ್ರಾನ್ಸ್‌ಮಿಟರ್ ಬರ್ತದಲ್ಲ, ಅಂಥದ್ದೊಂದು ರಿಪೇರಿಗೆ ಬಂದಿತ್ತು. ನಾನು ಅದನ್ನು ಹಿಂದಿನ ಕೋಣೆಗೆ ಒಯ್ದು, ಕಾಕ ಕೇಳುವ ಸ್ಟೇಷನ್ನಿಗೇ ಹೊಂದಿಸಿ, ಫೋನಿನಿಂದ ಅರ್ಧರ್ಧ ಸೆಕೆಂಡ್ ಹಾಡು ಬಿಟ್ಟೆ. ಸಂಜೆ ಐದು ಗಂಟೆ. ಹಾಡು ಕೇಳಿಸಿದಷ್ಟು ಸಲವೂ ಪುಸ್ತಕದಲ್ಲಿ ಲೆಕ್ಕ ಬರೆಯುವ ಕಾಕ ಒಂದು ಬರೆದರು, ಎರಡು ಬರೆದರು. ಹತ್ತನೆಯದಕ್ಕೆ ಪೆನ್ನು ಇಟ್ಟು ಹಿಂದಿನ ಕೋಣೆಯ ಬಾಗಿಲಿಗೆ ಬಂದರು.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬಸ್ಸು ಓಡುವಾಗ ಹುಳ ಯಾವ ಗಾಜಿಗೆ ಹೆಚ್ಚು ಬಡೀತದೆ?"

"ಮುಂದಿನದಕ್ಕೆ."

"ಭೂಮಿಯೂ ಹಾಗೆ. ಬೆಳಿಗ್ಗೆ ನಾವು ಮುಂದಿನ ಗಾಜಿನಲ್ಲಿ, ಸಂಜೆ ಹಿಂದಿನ ಸೀಟಿನಲ್ಲಿ. ಸಂಜೆಗೆ ಉಲ್ಕೆ ಕಡಿಮೆ. ಇವತ್ತು ಐದು ನಿಮಿಷಕ್ಕೆ ಹತ್ತು ಬಂತು. ಅದೂ ಹೋಗಲಿ ಎಂದರೆ, ಹತ್ತೂ ನಿನ್ನ ರಿಂಗ್‌ಟೋನ್ ಹಾಡ್ತಾ ಉಂಟು."

ಶಿಕ್ಷೆ ಎಂತ ಗೊತ್ತುಂಟಾ? ಮರುದಿನ ಬೆಳಿಗ್ಗೆ ಆರಕ್ಕೆ ಬಂದು ಒಂದು ಗಂಟೆ ಆ ಸ್ಟೀರಿಯೋಗೆ ಕಿವಿ ಕೊಟ್ಟು ಕೂರುವುದು. ಬರೀ ಬುಸ್ಸ್ ಎಂಬ ಶಬ್ದ. ನಿದ್ದೆ ಬರುವ ಹೊತ್ತಿಗೆ ಯಾರೋ ಹೆಂಗಸು ತಮಿಳಿನಲ್ಲಿ ಒಂದು ಸಾಲು ಹಾಡಲು ಹೊರಟು, ಅರ್ಧಕ್ಕೇ ಬಿಟ್ಟು ಹೋದಳು. ಹೊರಗೆ ಧೋ ಎಂದು ಮಳೆ, ಆಕಾಶವೇ ಕಾಣುವುದಿಲ್ಲ. ಆ ಮೋಡದ ಆಚೆ ಒಂದು ಸಾಸಿವೆ ಉರಿದದ್ದು ನನಗೆ ಗೊತ್ತಾಗಿತ್ತು. ಮಂಗಳೂರಿನಲ್ಲಿ ಆ ಹೊತ್ತಿಗೆ ಅದು ಗೊತ್ತಿದ್ದವನು ನಾನೊಬ್ಬನೇ. ಅವತ್ತಿನಿಂದ ಶಿಕ್ಷೆ ಇಲ್ಲದೆಯೂ ಆರು ಗಂಟೆಗೆ ಹೋಗ್ತೇನೆ.

ಅಪ್ಪನ ಪಾಲು

ಪಡೀಲಿನಲ್ಲಿರುವ ನಮ್ಮ ಮನೆಯಲ್ಲಿ ಇದು ದೊಡ್ಡ ಸಮಸ್ಯೆ ಆಯಿತು. ಅಪ್ಪ ದೇವಸ್ಥಾನದ ಅರ್ಚಕರು, ಮುಹೂರ್ತವನ್ನೂ ನೋಡ್ತಾರೆ. ನೆಂಟರೊಬ್ಬರು "ಮಗ ಎಂತ ಮಾಡ್ತಾನೆ?" ಎಂದು ಕೇಳಿದಾಗ ಅಪ್ಪ ಸ್ವಲ್ಪವೂ ನಗದೆ ಹೇಳಿದರು:

"ಮೇಲೆ ನಿಂತದ್ದನ್ನು ನಾನು ನೋಡಿಕೊಳ್ತೇನೆ. ಬಿದ್ದದ್ದನ್ನು ಅವನು ನೋಡಿಕೊಳ್ತಾನೆ."

ಧಣಿಗಳ ಇಪ್ಪತ್ತು ನಿಮಿಷ

ತಿಂಗಳ ಕೊನೆ ಬಂತು. ಧಣಿಗಳೂ ಬಂದರು, ಆಂಟೆನಾ ಬಿಚ್ಚುವವನನ್ನು ಜೊತೆಗೇ ಕರೆದುಕೊಂಡು.

"ಧಣಿ, ಇದು ಬಾಯಿ ಅಲ್ಲ, ಕಿವಿ" ಎಂದರು ಕಾಕ. "ಇದರಿಂದ ಹೊರಗೆ ಎಂತದೂ ಹೋಗುವುದಿಲ್ಲ. ಬಂದದ್ದನ್ನು ಕೇಳ್ತದೆ, ಅಷ್ಟೇ."

"ಹಾಗಾದರೆ ನನಗೂ ಕೇಳಿಸಿ. ಒಂದು ನಕ್ಷತ್ರ ಕೇಳಿಸಿದರೆ ಆಂಟೆನಾ ಇರಲಿ. ಇಪ್ಪತ್ತು ನಿಮಿಷ ಕೂರ್ತೇನೆ."

"ನಾಳೆ ಬೆಳಿಗ್ಗೆ ಆಗಬಹುದಾ?"

"ಬೆಳಿಗ್ಗೆ ನನಗೆ ವಾಕಿಂಗ್ ಉಂಟು."

ಗಂಟೆ ಸಂಜೆ ಐದು. ಹಿಂದಿನ ಸೀಟು. ನಾನು ಕಾಕನ ಕಿವಿಯಲ್ಲಿ "ಒಂದೇ ಒಂದು ನಾನು ಕಳಿಸಲಾ? ಈ ಸಲ ತಮಿಳು ಹಾಡೇ ಹಾಕ್ತೇನೆ" ಎಂದೆ. ಕಾಕ ನನ್ನ ಫೋನು ತೆಗೆದು ತನ್ನ ಕಿಸೆಗೆ ಹಾಕಿಕೊಂಡರು.

ಹತ್ತು ನಿಮಿಷ ಬುಸ್ಸ್. ಹದಿನೈದು ನಿಮಿಷ ಬುಸ್ಸ್. ಬಿಚ್ಚುವವನು ಸ್ಪ್ಯಾನರ್ ಒರೆಸಿಕೊಳ್ಳುತ್ತಿದ್ದ. ಕಾಕನ ಹಣೆಯಲ್ಲಿ ಬೆವರು. ಹತ್ತೊಂಬತ್ತನೇ ನಿಮಿಷಕ್ಕೆ ಸ್ಟೀರಿಯೋ ಒಮ್ಮೆಲೇ ಬಾಯಿ ಬಿಟ್ಟಿತು. ಒಂದಲ್ಲ, ಮೂರು ಸಾಲು, ತಬಲಾ ಸಮೇತ. ಧಣಿಗಳು ಎದ್ದು ನಿಂತು ಸ್ಟೀರಿಯೋಗೆ ಕೈಮುಗಿದರು. ಎರಡನೇ ಮಹಡಿಯವರ ಕೂದಲೂ ಆ ವಾರವೇ ಚಿಗುರಿತು.

ಈ ಕೊನೆ ನಾನು ಕಟ್ಟಿದ್ದು.

ನಿಜ ಹೇಳಿದರೆ, ಎಂತದೂ ಬರಲಿಲ್ಲ. ಇಪ್ಪತ್ತು ನಿಮಿಷ ಮುಗಿಯಿತು. ಕಾಕ ಪುಸ್ತಕ ತೆಗೆದು ತಾರೀಕು ಹಾಕಿದರು, ಹೊತ್ತು ಬರೆದರು, ಮುಂದೆ ಒಂದು ಸೊನ್ನೆ ಹಾಕಿದರು.

"ಬಾರದ್ದನ್ನೂ ಬರೀತೀರಾ?" ಧಣಿಗಳು ಕೇಳಿದರು.

"ಬರೀಬೇಕಲ್ಲ ಧಣಿ. ಇಲ್ಲದಿದ್ದರೆ ಬರಲಿಲ್ಲವೋ, ನಾನು ಕೇಳಲಿಲ್ಲವೋ, ಹೇಗೆ ಗೊತ್ತಾಗುವುದು?"

ಧಣಿಗಳು ಪುಸ್ತಕ ಎಳೆದುಕೊಂಡು ಪುಟ ತಿರುಗಿಸಿದರು. ಬೆಳಗಿನ ಸಾಲಿನಲ್ಲಿ ಏಳು, ಒಂಬತ್ತು. ಸಂಜೆಯ ಸಾಲಿನಲ್ಲಿ ಸೊನ್ನೆ, ಒಂದು, ಸೊನ್ನೆ, ಸೊನ್ನೆ. ತುಂಬ ಹೊತ್ತು ನೋಡಿದರು. ಆಮೇಲೆ ಬಿಚ್ಚುವವನಿಗೆ ಹೇಳಿದರು: "ಸ್ಪ್ಯಾನರ್ ಒಳಗೆ ಹಾಕು. ತನ್ನ ಕೈಯಿಂದಲೇ ಇಷ್ಟು ಸೊನ್ನೆ ಬರೆದ ಮನುಷ್ಯ ನನಗೆ ಸುಳ್ಳು ಹೇಳ್ಲಿಕ್ಕಿಲ್ಲ."

ಆಂಟೆನಾ ಅಲ್ಲೇ ಉಂಟು. ಆದರೂ ನಾನು ತಬಲಾ ಸೇರಿಸಿದ್ದು ಯಾಕೆಂದರೆ, ಸೊನ್ನೆ ಬಂದು ಗೆದ್ದೆವು ಎಂದು ಹೇಳಿದರೆ ನನ್ನ ಫ್ರೆಂಡ್ಸ್ ಯಾರೂ ನಂಬುವುದಿಲ್ಲ. ತಬಲಾ ಆದರೆ ಕೂಡಲೇ ನಂಬ್ತಾರೆ.