ಕ್ಯಾಸೆಟ್ಟಿಗೆ ತುಟಿ ಇರುವುದಿಲ್ಲ

ನಿಶ್ಶಬ್ದಕ್ಕೆ ಹೆದರುವ ಮನುಷ್ಯನನ್ನು ನೀವು ನೋಡಿದ್ದೀರಾ? ನಮ್ಮ ಚಿಕ್ಕಪ್ಪ ಹೆದರುತ್ತಿದ್ದರು. ಭಾನುವಾರ ಬೆಳಿಗ್ಗೆ ಹರಿಹರದ ಆ ಓಣಿಯ ಮನೆಗಳಿಂದೆಲ್ಲ ವಚನ ಕೇಳಿಬಂದರೆ ಅವರ ಮನೆಯಿಂದ ಹೆವಿ ಮೆಟಲ್ ಸಂಗೀತದ ಅಬ್ಬರ ಹೊರಡುತ್ತಿತ್ತು! ಆ ಗದ್ದಲಕ್ಕೆ ತಮ್ಮ ಎಮ್ಮೆ ಹಾಲು ಕೊಡುತ್ತಿಲ್ಲವೆಂದು ಎದುರುಮನೆಯವರು ಜಗಳಕ್ಕೆ ಬಂದಿದ್ದರು. ಅಥವಾ ಆ ಎಮ್ಮೆಯನ್ನು ನಾನೇ ಆಮೇಲೆ ಸೇರಿಸಿದೆನೋ? ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಅನುಮಾನಪಡುವುದೊಂದನ್ನೇ.

ಗುತ್ತೂರಿನ ಹತ್ತಿರದ ಕಾರ್ಖಾನೆಯಲ್ಲಿ ಚಿಕ್ಕಪ್ಪನಿಗೆ ಕಬ್ಬಿಣ ಬಡಿಯುವ ಯಂತ್ರದ ಕೆಲಸ. ಆ ಸದ್ದಿನಲ್ಲಿ ಎಲ್ಲರೂ ತುಟಿ ನೋಡಿಯೇ ಮಾತಾಡಿಕೊಳ್ಳುತ್ತಿದ್ದರು. ಅಪಾಯವಿದ್ದದ್ದೂ ಅಲ್ಲೇ, ಕಿವಿ ಹೋದರೂ ತಿಳಿಯುತ್ತಿರಲಿಲ್ಲ. ಜೊತೆಗಾರನೊಬ್ಬ ಕಿವುಡನಾಗಿದ್ದು ಅವನಿಗೇ ಗೊತ್ತಾಗಿರಲಿಲ್ಲ. ಹಿಂದಿನಿಂದ ಮಗಳು ಕೂಗಿದಾಗ ಅವನು ತಿರುಗದೆ ಹೋದ, ಆಗ ಬಯಲಾಯಿತು. ಅಂದಿನಿಂದ ಚಿಕ್ಕಪ್ಪನಿಗೆ ತಮ್ಮ ಕಿವಿಯದೇ ಭಯ.

ಅದಕ್ಕೇ ಪ್ರತಿ ಭಾನುವಾರ ಈ ಪರೀಕ್ಷೆ. ಕ್ಯಾಸೆಟ್ಟಿಗೆ ತುಟಿ ಇರುವುದಿಲ್ಲವಲ್ಲ! ಟೇಪ್‌ರೆಕಾರ್ಡರಿನ ವಾಲ್ಯೂಮ್ ಗುಂಡಿಯ ಪಕ್ಕ ಚಿಕ್ಕಮ್ಮನ ಕುಂಕುಮದಿಂದ ಒಂದು ಗುರುತು. ಅಲ್ಲಿಗೆ ತಿರುಗಿಸಿದಾಗ ಡ್ರಮ್ಮು ಎದೆಗೆ ಗುದ್ದಿದರೆ ಕಿವಿ ಪಾಸು. ಕಿವಿ ಪರೀಕ್ಷಿಸಲು ಸಣ್ಣ ಸದ್ದು ಬೇಕು ಎಂದೆ ನಾನು.

"ಸಣ್ಣದು ಹಚ್ಚಿ ಕೇಳಿಸ್ಲಿಲ್ಲಂದ್ರ ಏನ್ ಮಾಡ್ಲಿ?" ಎಂದರು.

ಚಿಕ್ಕಪ್ಪ ಹಚ್ಚುತ್ತಿದ್ದ ಆ ಮೆಟಲ್ ತಂಡದ ಹೊಸ ಆಲ್ಬಂ ಬಂದದ್ದು ಆಗಲೇ. ದಾವಣಗೆರೆಯ ಮಂಡಿಪೇಟೆಯಲ್ಲಿ ಕೊಂಡು ಉತ್ಸಾಹದಿಂದ ಒಯ್ದೆ. ಚಿಕ್ಕಪ್ಪ ಗುಂಡಿಯನ್ನು ಗುರುತಿಗೆ ತಂದು ಎದೆ ಸೆಟೆಸಿ ಕೂತರು. ಗುದ್ದು ಬರಲಿಲ್ಲ. ಡ್ರಮ್ಮು ಎಲ್ಲೋ ದೂರದಲ್ಲಿ ಟಪಟಪ ಎನ್ನುತ್ತಿತ್ತು. ಹಳೆಯ ಕ್ಯಾಸೆಟ್ಟಿನಲ್ಲಿ ಕತ್ತು ಹಿಸುಕಿದಂತೆ ಕಿರುಚುತ್ತಿದ್ದ ಗಾಯಕ ಈಗ ಮಗು ಮಲಗಿಸುವವನಂತೆ ಗುನುಗುತ್ತಿದ್ದ. ಗುಂಡಿ ಗುರುತು ದಾಟಿತು. ಚಿಕ್ಕಪ್ಪ ಅದನ್ನು ಕೊನೆಯವರೆಗೂ ತಿರುಗಿಸಿದರು.

"ಹೋತು ನೋಡು, ಕಿವಿ ಹೋತು."

ತಂಡ ತನ್ನ ಶೈಲಿಯನ್ನೇ ಬದಲಿಸಿದೆ, ನನಗೂ ಮೆತ್ತಗೇ ಕೇಳುತ್ತಿದೆ ಎಂದು ಪರಿಪರಿಯಾಗಿ ಹೇಳಿದೆ.

"ಸಮಾಧಾನ ಹೇಳಬ್ಯಾಡಲೇ. ಅವರೇನು ಮೆತ್ತಗಾಗೋ ಮಂದಿಯೇನು?"

ಹಾಗಾದರೆ ಹಳೆಯ ಕ್ಯಾಸೆಟ್ ಹಾಕಿ ನೋಡೋಣ ಎಂದೆ. ಅದೂ ಕೇಳಿಸದಿದ್ದರೆ ಎಂಬ ಭಯ ಅವರಿಗೆ. ಡಾಕ್ಟರ ಹತ್ತಿರ ಹೋಗೋಣವೆಂದರೆ, ಅವರು ಹೌದು ಅಂದುಬಿಟ್ಟರೆ? ಮುಂದಿನ ಭಾನುವಾರ ಹೋದಾಗ ಮನೆ ಮೌನವಾಗಿತ್ತು. ಯಾರ ತುಟಿಯೂ ಕಾಣಬಾರದೆಂದು ಚಿಕ್ಕಪ್ಪ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು, ತೊಡೆಯ ಮೇಲೆ ಹಳೆಯ ಕ್ಯಾಸೆಟ್ಟು. ಮದುವೆಯಾದಂದಿನಿಂದ ಮೆಲ್ಲಗೇ ಮಾತಾಡುವ ಚಿಕ್ಕಮ್ಮ, ಆ ಸಂಗೀತಕ್ಕೆ ಶಾಪ ಹಾಕುತ್ತಲೇ ಬಂದ ಚಿಕ್ಕಮ್ಮ, ಅಡುಗೆಮನೆಯೊಳಗಿಂದಲೇ ಏನೋ ಅಂದರು. ನಡುವೆ ಕೂತಿದ್ದ ನನಗೂ ಕಿವಿಗೊಟ್ಟರಷ್ಟೇ ಕೇಳುವಂತಿತ್ತು.

"ಆ ಹಳೇ ಗದ್ಲಾನೇ ಹಚ್ರಿ. ಮನಿ ಬಿಕೋ ಅಂತೈತೆ."

ನನ್ನ ನೆನಪನ್ನು ನಂಬಬೇಡಿ, ಎಮ್ಮೆಯ ವಿಷಯದಲ್ಲಂತೂ ಬೇಡವೇ ಬೇಡ. ಆದರೆ ಮುಂದಿನದು ನಾನು ಕಟ್ಟಿದ್ದಲ್ಲ. ಚಿಕ್ಕಪ್ಪ ಹಿಂದೆ ತಿರುಗದೆಯೇ ಹಳೆಯ ಕ್ಯಾಸೆಟ್ಟನ್ನು ಟೇಪ್‌ರೆಕಾರ್ಡರಿಗೆ ಹಾಕಿದರು. ಹಾಡು ಹಚ್ಚುವ ಗುಂಡಿಯ ಮೇಲೆ ಬೆರಳಿಟ್ಟರು, ಒತ್ತಲಿಲ್ಲ.

"ಇನ್ನೊಂದ್ ಸಲ ಅನ್ನು," ಎಂದರು ಗೋಡೆಗೆ.